ಪಂಡಿತಾ ರಮಾಬಾಯಿಯವರೂ ದೇವರ ಕ್ಷಮೆಯೂ

ನಮ್ಮ ಕುಮಾರಪಟ್ಟಣದ ಮಗ್ಗುಲಲ್ಲಿ ಹರಿಯುವ ತುಂಗಭದ್ರೆಯನ್ನು ಕಾಣದ ವಿದ್ಯಾರ್ಥಿನಿಯು ಈ ಶಾಲೆಯಲ್ಲಿ ಒಬ್ಬಳೂ ಇರಲಾರಳು. ಹೊಳೆ ದಾಟಿದರೆ ಹರಿಹರ. ಈಚೆ ನಮ್ಮ ರಾಣೆಬೆನ್ನೂರ ತಾಲೂಕು. ಈ ನೀರು ಎಲ್ಲಿಂದ ಬರುತ್ತದೆಂದು ಭೂಗೋಳದ ಪಾಠದಲ್ಲಿ ಕೇಳಿದರೆ, ಶಿವಮೊಗ್ಗೆಯ ಸೀಮೆಯ ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗುತ್ತವೆಂದೂ, ಅವೆರಡೂ ಸಹ್ಯಾದ್ರಿಯ ಗಂಗಾಮೂಲವೆಂಬಲ್ಲಿ ಹುಟ್ಟುತ್ತವೆಂದೂ ಹುಡುಗಿಯರು ತಡೆಯಿಲ್ಲದೆ ಹೇಳುವರು. ಅದೇ ಗಂಗಾಮೂಲದ ಕಾಡಿನಲ್ಲಿ ೧೮೫೮ನೇ ಇಸವಿ ಏಪ್ರಿಲ್ ತಿಂಗಳ ೨೩ನೇ ತಾರೀಖಿನಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ಆ ಕೂಸೇ ಮುಂದೆ ಪಂಡಿತಾ ರಮಾಬಾಯಿಯವರೆಂದು ಮೂರು ಖಂಡಗಳಲ್ಲಿ ಹೆಸರಾದರು. ನಮ್ಮ ಮನೆಗಳ ಕೊಡಗಳನ್ನು ತುಂಬಿಸುವ ಹೊಳೆಯು ಅವರ ತೊಟ್ಟಿಲಿನ ಬಳಿಯಿಂದಲೇ ಹೊರಟು ಬರುವದಾದ್ದರಿಂದ, ಅವರನ್ನು ನಮ್ಮವರೆಂದು ಕರೆಯುವದಕ್ಕೆ ನಮಗೆ ಹಕ್ಕುಂಟು.

ಲೆಂಟ್ ಕಾಲದಲ್ಲಿ ಈ ಸ್ಮರಣ ಸಂಚಿಕೆಯನ್ನು ಕೈಯಲ್ಲಿ ಹಿಡಿಯುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ಈ ಜೀವನಚರಿತ್ರೆಯನ್ನು ಹೇಳುವದಕ್ಕೆ ಒಂದು ಕಾರಣವಿದೆ. ಬೂದಿ ಬುಧವಾರದಿಂದ ಪುನರುತ್ಥಾನದ ಹಬ್ಬದ ವರೆಗೆ, ಆದಿತ್ಯವಾರಗಳನ್ನು ಬಿಟ್ಟು, ನಾಲ್ವತ್ತು ದಿನಗಳನ್ನು ನಾವು ಉಪವಾಸ ಪ್ರಾರ್ಥನೆಗಳಲ್ಲಿ ಕಳೆಯುತ್ತೇವೆ. ನಮ್ಮ ಪಾಪಗಳನ್ನು ನೆನೆಸಿ ದುಃಖಪಡುತ್ತೇವೆ. ಇದು ತಕ್ಕದ್ದೇ. ಆದರೆ ಪಾಪವನ್ನು ಅರಿಕೆಮಾಡುವದನ್ನು ಕಲಿತವರೆಲ್ಲರೂ ಕ್ಷಮೆಯನ್ನು ತೆಗೆದುಕೊಳ್ಳುವದನ್ನು ಕಲಿತಿರುವದಿಲ್ಲ. ಬ್ಯಾಡಗಿಯ ಮೆಣಸಿನಕಾಯಿಯ ಪೇಟೆಯಲ್ಲಿ ಒಬ್ಬ ದಯವಂತನಾದ ಸಾಹುಕಾರನು ಬಡವನೊಬ್ಬನ ಉದ್ರಿಯನ್ನು ತನ್ನ ಖಾತೆಯ ಪುಸ್ತಕದಲ್ಲಿ ಅಡ್ಡಗೆರೆ ಎಳೆದು ಹೊಡೆದುಹಾಕಿದನೆಂದು ನೆನೆಸೋಣ. ಆ ಸಮಾಚಾರವನ್ನು ಕೇಳಿದ ಮೇಲೂ ಆ ಬಡವನು ಅಂಗಡಿಯ ಮುಂದೆ ಹಾಯದೆ ಹಿಂದಿನ ಸಂದಿಯಿಂದ ತಲೆ ತಗ್ಗಿಸಿ ಹೋಗುತ್ತಿದ್ದರೆ ಏನನ್ನಬೇಕು? ಸಾಲವು ತೀರಿತು, ಅಂಜಿಕೆಯು ತೀರಲಿಲ್ಲ. ನಮ್ಮ ಕ್ರೈಸ್ತ ಮನೆಗಳಲ್ಲಿ ಇಂಥ ತಗ್ಗಿದ ತಲೆಗಳು ಎಷ್ಟೋ ಇವೆ. ಪಂಡಿತಾ ರಮಾಬಾಯಿಯವರು ದೀಕ್ಷಾಸ್ನಾನ ಹೊಂದಿದ ತರುವಾಯವೂ ಎಂಟು ವರ್ಷಗಳ ವರೆಗೆ ಈ ಸಂದಿಯಲ್ಲಿಯೇ ನಡೆದು, ಕಡೆಗೆ ಅಂಗಡಿಯ ಮುಂದಿನ ಹಾದಿಗೆ ಬಂದವರು. ಆದ್ದರಿಂದ ಅವರ ಚರಿತ್ರೆಯು ನಮಗೆ ಬೇಕು.

ಅವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಕಾರ್ಕಳದ ಸೀಮೆಯ ಮಾಳ ಎಂಬ ಹಳ್ಳಿಯವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ವಿದ್ಯಾರ್ಥಿಯಾಗಿ ಪುಣೆಯಲ್ಲಿದ್ದಾಗ, ತಮ್ಮ ಗುರುಗಳು ಪೇಶವೆಯವರ ಮನೆತನದ ರಾಣಿಯೊಬ್ಬಳಿಗೆ ಸಂಸ್ಕೃತ ಕಲಿಸುವದನ್ನು ಕಂಡು, ಹೆಂಗಸರಿಗೂ ಈ ವಿದ್ಯೆಯು ಬರುವದೆಂದು ಬೆರಗಾದರು. ತಮ್ಮ ಮನೆಯಲ್ಲಿ ಅದನ್ನು ಮಾಡಿ ನೋಡಬೇಕೆಂದು ಅವರಿಗೆ ಹಂಬಲವಾಯಿತು. ಎಳೆಯ ಹೆಂಡತಿಯಾದ ಲಕ್ಷ್ಮೀಬಾಯಿಗೆ ಅಕ್ಷರದಿಂದ ಹಿಡಿದು ಪುರಾಣಗಳ ವರೆಗೆ ಕಲಿಸಿದರು. ಊರವರಿಗೂ ನೆಂಟರಿಗೂ ಇದು ಸೈರಿಸಲಿಲ್ಲ. ಜಗಳವನ್ನು ಬಿಟ್ಟು ಅವರು ಗಂಗಾಮೂಲದ ಕಾಡಿಗೆ ಹೋಗಿ ಒಂದು ಮನೆಯನ್ನು ಕಟ್ಟಿಕೊಂಡು, ಬಂದ ಶಿಷ್ಯರಿಗೆ ಪಾಠ ಹೇಳಿ, ಬಂದ ಯಾತ್ರಿಕರಿಗೆ ಅನ್ನವಿಕ್ಕಿ ಬಾಳಿದರು. ಆ ಕಾಡಿನಲ್ಲಿ ಹುಲಿಗಳ ಕೂಗು ಕೇಳುತ್ತಿದ್ದ ಕಾಲದಲ್ಲಿ ಲಕ್ಷ್ಮೀಬಾಯಿಯು ಬೆಳಗಿನ ಜಾವದಲ್ಲಿ ಮಕ್ಕಳನ್ನು ಎಬ್ಬಿಸಿ ಶ್ಲೋಕಗಳನ್ನು ಹೇಳಿಕೊಡುತ್ತಿದ್ದರು. ನಮ್ಮ ನಾಡಿನ ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಚರಿತ್ರೆಯನ್ನು ಬರೆಯುವವರು ಆ ಮನೆಯನ್ನು ಮರೆಯಬಾರದು.

ಅತಿಥಿಗಳ ಸತ್ಕಾರದಲ್ಲಿ ಆಸ್ತಿಯೆಲ್ಲ ಕರಗಿಹೋಗಲು, ರಮೆಯು ಇನ್ನೂ ಆರು ತಿಂಗಳ ಕೂಸಾಗಿರುವಾಗಲೇ ಸಂಸಾರವು ತೀರ್ಥಯಾತ್ರೆಗೆ ಹೊರಟಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಹೊತ್ತುಕೊಂಡು ಹೋದರು. ಅಂದಿನಿಂದ ಅವರಿಗೆ ಊರೆಂಬದು ಇರಲಿಲ್ಲ. ದೇವಸ್ಥಾನಗಳಲ್ಲಿಯೂ ಹೊಳೆಯ ದಂಡೆಗಳಲ್ಲಿಯೂ ಪುರಾಣ ಓದುವದು, ಕೇಳುವವರು ಕೊಟ್ಟ ಅಕ್ಕಿ, ಹಣ್ಣು, ದುಡ್ಡುಗಳಿಂದ ಜೀವಿಸುವದು, ಮಿಕ್ಕದ್ದನ್ನು ದಾನಮಾಡುವದು, ಪುಣ್ಯ ಸಂಪಾದಿಸುವದು. ನಡೆಯುತ್ತ ನಡೆಯುತ್ತಲೇ ತಾಯಿಯು ಮಗಳಿಗೆ ಪಾಠ ಹೇಳಿದಳು. ಭಾಗವತದ ಹದಿನೆಂಟು ಸಾವಿರ ಶ್ಲೋಕಗಳು ಆ ಹುಡುಗಿಗೆ ಬಾಯಿಪಾಠವಾದವು. ಮನೆಯಲ್ಲಿ ಮರಾಠಿ, ತಿರುಗಾಟದಲ್ಲಿ ಕನ್ನಡ, ಹಿಂದುಸ್ಥಾನಿ, ಮುಂದೆ ಬಂಗಾಳಿ: ಹೀಗೆ ದೇಶವೇ ಅವಳ ಶಾಲೆಯಾಯಿತು.

೧೮೭೪ರಿಂದ ಮದ್ರಾಸ್ ಪ್ರಾಂತದಲ್ಲಿ ಬರವು ಕಾಲಿಟ್ಟಿತು. ಪುರಾಣ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಕೂಲಿಗೆ ಹೋಗುವದನ್ನು ಈ ಸಂಸಾರವು ಕಲಿತಿರಲಿಲ್ಲ, ಬೇಡುವದಕ್ಕೆ ನಾಚಿಕೆ. ಪಾತ್ರೆ, ಒಡವೆ, ವಸ್ತ್ರಗಳನ್ನು ಮಾರಿ, ಕಡೆಯ ಕಾಳು ತೀರಿದ ಮೇಲೆ ಕಾಡಿನ ಎಲೆಗಳನ್ನು ತಿಂದರು. ಇದ್ದದ್ದನ್ನೆಲ್ಲ ದಾನಮಾಡಿ, ವ್ರತಗಳನ್ನು ಹಿಡಿದು, ತೀರ್ಥಗಳಲ್ಲಿ ಮುಳುಗಿ, ಹಗಲಿರುಳು ಜಪಮಾಡಿದರು. ಮೊದಲು ತಂದೆ, ಬಳಿಕ ತಾಯಿ, ಬಳಿಕ ಅಕ್ಕ, ಕೆಲವೇ ತಿಂಗಳುಗಳೊಳಗೆ ಮೂವರೂ ತೀರಿಹೋದರು. ಸಾಯುವಾಗ ಕಣ್ಣು ಕಾಣದ ಮುದುಕ ತಂದೆಯು ಕಿರಿಯ ಮಗಳನ್ನು ತೋಳಿನಲ್ಲಿ ಅಪ್ಪಿಕೊಂಡು, ಅವಳನ್ನು ದೇವರ ಕೈಯಲ್ಲಿ ಒಪ್ಪಿಸಿದ್ದೇನೆಂದೂ ಅವನಿಗೇ ಸೇವೆಮಾಡಬೇಕೆಂದೂ ಹೇಳಿದನು. ತಾಯಿಯ ಹೆಣವನ್ನು ಹೊರುವದಕ್ಕೆ ಜನರು ಸಾಲದೆ ಹೋಗಲು, ಮಗಳೇ ಹೆಗಲು ಕೊಡಬೇಕಾಯಿತು. ಎತ್ತರ ಸಾಲದ್ದರಿಂದ ಚಟ್ಟದ ಆ ಮೂಲೆಯನ್ನು ತಲೆಯ ಮೇಲೆ ಹೊತ್ತಳು. ಆಗ ಅವಳಿಗೆ ಹದಿನಾರು ವರ್ಷ.

ಉಳಿದವರು ಅಣ್ಣ ಶ್ರೀನಿವಾಸನೂ ತಂಗಿಯೂ ಇಬ್ಬರೇ. ಅವರು ದಕ್ಷಿಣದಿಂದ ಉತ್ತರಕ್ಕೆ ಸಾವಿರಾರು ಮೈಲಿಗಳನ್ನು ಬರಿಗಾಲಿನಲ್ಲಿ ನಡೆದರು. ಚಳಿಗೆ ಹೊದಿಕೆಯಿಲ್ಲದೆ ಹೊಳೆಯ ದಂಡೆಯ ಮರಳಿನಲ್ಲಿ ಗುಂಡಿ ತೋಡಿ, ಮೈಮೇಲೆ ಮರಳು ಎಳೆದುಕೊಂಡು ಮಲಗಿದ ರಾತ್ರಿಗಳೂ ಇದ್ದವು. ತಂದೆಯು ಹೇಳಿಕೊಟ್ಟ ನೇಮಗಳನ್ನು ಬಿಡದೆ ನಡಿಸಿದರು. ಮನಸ್ಸಿಗೆ ಸಮಾಧಾನವು ಮಾತ್ರ ಸಿಕ್ಕಲಿಲ್ಲ. ೧೮೭೮ರಲ್ಲಿ ಕಲಕತ್ತೆಯನ್ನು ಮುಟ್ಟಿದಾಗ ಈ ಹುಡುಗಿಯ ವಿದ್ಯೆಯನ್ನು ಕಂಡು ಪಂಡಿತರು ಬೆರಗಾಗಿ ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನು ಕೊಟ್ಟರು. ಬ್ರಹ್ಮಸಮಾಜದ ಮುಖಂಡರಾದ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೊಟ್ಟು ಓದಬೇಕೆಂದರು. ಧರ್ಮಶಾಸ್ತ್ರಗಳನ್ನು ತಾವಾಗಿ ಓದಿದಾಗ, ಹೆಂಗಸಿಗೆ ಹೆಂಗಸಾಗಿಯೇ ಮೋಕ್ಷವು ಸಿಕ್ಕುವ ದಾರಿ ಅವುಗಳಲ್ಲಿ ಇಲ್ಲವೆಂದು ಅವರಿಗೆ ಕಂಡುಬಂತು. ಇಷ್ಟು ನಡೆದ ಕಾಲುಗಳು ಇನ್ನೆಷ್ಟು ನಡೆಯಬೇಕೆಂಬ ಪ್ರಶ್ನೆಯು ಅವರ ಹೃದಯದಲ್ಲಿ ಹೊಕ್ಕಿತು.

೧೮೮೦ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅವರು ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಜಾತಿಯ ಕಟ್ಟನ್ನು ಮೀರಿದ ಈ ಮದುವೆಯಿಂದ ನೆಂಟರು ದೂರವಾದರು. ೧೮೮೧ರಲ್ಲಿ ಮಗಳು ಮನೋರಮೆಯು ಹುಟ್ಟಿದಳು. ೧೮೮೨ರಲ್ಲಿ ಗಂಡನು ವಾಂತಿಭೇದಿಯ ಬೇನೆಯಿಂದ ಸತ್ತನು. ಅಸ್ಸಾಮದ ಸಿಲ್ಚರಿನ ಆ ಮನೆಯಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿತ್ತು. ಕೂಸಿನೊಂದಿಗೆ ಪುಣೆಗೆ ಬಂದು, ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಹೆಂಗಸರ ನೀತಿಯ ಕುರಿತು ಮರಾಠಿಯಲ್ಲಿ ಒಂದು ಪುಸ್ತಕವನ್ನು ಬರೆದರು. ಆ ವರ್ಷ ಸರಕಾರವು ಕೂಡಿಸಿದ ಹಂಟರ್ ವಿದ್ಯಾ ಕಮಿಶನ್ನಿನ ಮುಂದೆ ನಿಂತು, ಹುಡುಗಿಯರಿಗೆ ಕಲಿಸಲು ಉಪಾಧ್ಯಾಯಿನಿಯರನ್ನು ತಯಾರುಮಾಡಬೇಕೆಂದೂ ಹೆಂಗಸರ ಬೇನೆಗಳಿಗೆ ಹೆಂಗಸರೇ ಡಾಕ್ಟರಾಗಬೇಕೆಂದೂ ಸಾಕ್ಷಿ ಹೇಳಿದರು. ಇಂದು ನಮ್ಮ ಶಾಲೆಯಿಂದ ಹೋಗಿ ಟ್ರೇನಿಂಗ್ ಮುಗಿಸಿದವರೂ ದಾದಿಯರಾದವರೂ ಡಾಕ್ಟರಾದವರೂ ಆ ಸಾಕ್ಷಿಯ ಫಲವನ್ನು ಉಣ್ಣುತ್ತಿದ್ದಾರೆಂದು ತಿಳಿಯಬೇಕು.

ವೈದ್ಯವಿದ್ಯೆಯನ್ನು ಕಲಿಯಬೇಕೆಂದು ೧೮೮೩ರಲ್ಲಿ ಅವರು ಇಂಗ್ಲೆಂಡಿಗೆ ಹೊರಟರು; ಆದರೆ ಕಿವಿಯ ಮಂದತನದಿಂದ ಅದು ಸಾಗಲಿಲ್ಲ. ವಾಂಟೇಜ್ ಎಂಬಲ್ಲಿಯ ಕನ್ಯಾಸ್ತ್ರೀಯರ ಮಠದಲ್ಲಿ ಇಳಿದುಕೊಂಡರು. ಆ ಸಿಸ್ಟರುಗಳು ಒಂದು ದಿನ ಅವರನ್ನು ಲಂಡನ್ನಿನ ಫುಲ್ಹಾಮಿನಲ್ಲಿಯ ಒಂದು ಮನೆಗೆ ಕರಕೊಂಡು ಹೋದರು. ಅಲ್ಲಿ ದಾರಿ ತಪ್ಪಿದವರೆಂದು ಲೋಕವು ಹೊರಗೆ ಹಾಕಿದ ಹೆಂಗಸರಿದ್ದರು. ಆದರೆ ಅವರನ್ನು ಸಿಸ್ಟರುಗಳು ಒಡಹುಟ್ಟಿದವರಂತೆ ನೋಡಿಕೊಳ್ಳುತ್ತಿದ್ದರು. ಒಂದು ಕಾಲಕ್ಕೆ ಅಲ್ಲಿ ಆಶ್ರಯ ಪಡೆದವರಲ್ಲಿ ಕೆಲವರು ಈಗ ಬೇರೆಯವರ ಸೇವೆಗೆ ನಿಂತಿದ್ದರು. ಇಂಥವರ ಮೇಲೆ ದಯೆ ತೋರಿಸುವದನ್ನು ತಮ್ಮ ನಾಡಿನಲ್ಲಿ ಎಲ್ಲಿಯೂ ಕಾಣದ ರಮಾಬಾಯಿಯವರು ಅದಕ್ಕೆ ಕಾರಣವನ್ನು ಕೇಳಿದರು. ಉತ್ತರವಾಗಿ ಒಬ್ಬ ಸಿಸ್ಟರು ಯೋಹಾನನ ಸುವಾರ್ತೆಯ ೪ನೇ ಅಧ್ಯಾಯವನ್ನು ತೆರೆದು, ಬಾವಿಯ ಬಳಿಯಲ್ಲಿ ಸಮಾರ್ಯದ ಸ್ತ್ರೀಯ ಸಂಗಡ ಕರ್ತನು ಮಾತಾಡಿದ ಸಂಗತಿಯನ್ನು ಓದಿ ಹೇಳಿದರು. ಆ ಹೆಂಗಸಿನ ಬಾಳು ಎಂಥದೆಂಬದು ಆತನಿಗೆ ತಿಳಿದಿತ್ತು. ತಿಳಿದೂ ಆಕೆಯ ಕೈಯಿಂದ ನೀರನ್ನು ಕೇಳಿದನು. ಶಾಸ್ತ್ರಗಳಲ್ಲಿ ನುರಿತ ಈ ಪಂಡಿತೆಗೆ ಅಂಥ ದೇವರನ್ನು ಯಾರೂ ತೋರಿಸಿರಲಿಲ್ಲ. ನೆಹೆಮ್ಯಾ ಗೋರೆ ಎಂಬ ಮಹಾರಾಷ್ಟ್ರದ ಕ್ರೈಸ್ತ ಪಂಡಿತರ ಬರಹವು ಅವರ ಬುದ್ಧಿಯ ಸಂಶಯಗಳನ್ನು ತೀರಿಸಿತು. ೧೮೮೩ನೇ ಸೆಪ್ಟೆಂಬರ್ ೨೯ರಲ್ಲಿ ತಾಯಿಯೂ ಮಗಳೂ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದರು.

ಚರಿತ್ರೆಯು ಇಲ್ಲಿಗೆ ಮುಗಿಯಿತೆಂದು ಅನೇಕರು ಭಾವಿಸುವರು. ದೀಕ್ಷಾಸ್ನಾನವಾಯಿತು, ಇನ್ನೇನು? ಆದರೆ ನಾವು ಹೇಳಬೇಕಾದ ಮುಖ್ಯ ಸಂಗತಿಯು ಈಗಲೇ ಪ್ರಾರಂಭವಾಗುವದು.

ಆ ಬಳಿಕ ಅವರು ಚೆಲ್ಟೆನ್ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕಲಿಯುತ್ತ, ಸಂಸ್ಕೃತವನ್ನು ಕಲಿಸುತ್ತ ಇದ್ದರು. ೧೮೮೬ರಲ್ಲಿ, ತಮ್ಮ ಬಂಧುವಾದ ಆನಂದೀಬಾಯಿ ಜೋಶಿಯವರು ಡಾಕ್ಟರ್ ಪದವಿ ಹೊಂದುವ ಸಮಾರಂಭಕ್ಕಾಗಿ ಅಮೇರಿಕೆಗೆ ಹೋದರು. ಹಿಂದೂ ಮೇಲ್ಜಾತಿಯ ಹೆಂಗಸರ ಸ್ಥಿತಿಯನ್ನು ಕುರಿತು ೧೮೮೭ರಲ್ಲಿ ಅಲ್ಲಿ ಇಂಗ್ಲೀಷಿನ ಪುಸ್ತಕವನ್ನು ಪ್ರಕಟಿಸಿದರು. ಊರೂರು ತಿರುಗಿ ಉಪನ್ಯಾಸ ಕೊಟ್ಟರು. ಬಾಸ್ಟನ್ನಿನಲ್ಲಿ ಅವರ ಕೆಲಸಕ್ಕಾಗಿ ಒಂದು ಸಂಘವು ಹುಟ್ಟಿತು. ೧೮೮೯ನೇ ಮಾರ್ಚಿ ೧೧ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ವಿಧವೆಯರಿಗಾಗಿ ತೆರೆದು, ಮರುವರ್ಷ ಅದನ್ನು ಪುಣೆಗೆ ಸಾಗಿಸಿದರು. ಅಲ್ಲಿಗೆ ಸೇರಿದ ಮೊದಲನೆಯ ವಿಧವೆಯೇ ಮುಂದೆ ಧೋಂಡೋ ಕೇಶವ ಕರ್ವೆಯವರನ್ನು ಪುನರ್ವಿವಾಹವಾದ ಗೋದೂಬಾಯಿ. ಹೊರಗಿನಿಂದ ನೋಡುವವರಿಗೆ ಇಂಥ ಬಾಳಿನಲ್ಲಿ ಯಾವ ಕೊರತೆ ಕಂಡೀತು? ವಿದ್ಯೆ, ಕೀರ್ತಿ, ದುಡಿಮೆ, ತ್ಯಾಗ ಎಲ್ಲವೂ ಇದ್ದವು.

ಒಳಗೆ ಮಾತ್ರ ಸಮಾಧಾನವಿರಲಿಲ್ಲ. ಕ್ರೈಸ್ತಧರ್ಮವನ್ನು ಪರೀಕ್ಷಿಸಿ ಒಳ್ಳೇದೆಂದು ಒಪ್ಪಿಕೊಂಡಾಯಿತು, ಸಂಸ್ಕಾರಗಳನ್ನು ಹೊಂದಿಯಾಯಿತು, ಪ್ರಾರ್ಥನೆಯನ್ನು ತಪ್ಪಿಸಲಿಲ್ಲ. ಆದರೂ ಪಾಪದ ಭಾರವು ಹೃದಯದ ಮೇಲೆ ಹಾಗೆಯೇ ಕೂತಿತ್ತು. ಧರ್ಮಕ್ಕೆ ಸೇರಿದರೆ ಮನಸ್ಸು ತಾನಾಗಿಯೇ ಬದಲಾಗುವದೆಂದು ನಂಬಿದ್ದರು; ಬದಲಾಗಲಿಲ್ಲ. ಇನ್ನೂ ಒಳ್ಳೆಯವಳಾಗಬೇಕೆಂದು ಪ್ರಯತ್ನಿಸಿದಷ್ಟೂ ತಮ್ಮ ಅಶಕ್ತಿಯು ಹೆಚ್ಚಾಗಿ ಕಂಡಿತು. ನೋಡಿರಿ, ಬಾಲ್ಯದಲ್ಲಿ ತಂದೆತಾಯಿಗಳ ಕೈಹಿಡಿದು ತೀರ್ಥದಿಂದ ತೀರ್ಥಕ್ಕೆ ನಡೆದ ಆ ನಡೆಯೇ ಇನ್ನೂ ನಿಂತಿರಲಿಲ್ಲ. ಊರುಗಳ ಹೆಸರು ಬೇರೆಯಾಗಿತ್ತು. ನೇಮಗಳ ಹೆಸರು ಬೇರೆಯಾಗಿತ್ತು. ಆದರೆ ಸಂಪಾದಿಸಿ ತೀರಿಸಬೇಕೆಂಬ ಲೆಕ್ಕವು ಅದೇ ಆಗಿತ್ತು. ತಾವು ಕ್ರಿಸ್ತನ ಧರ್ಮವನ್ನು ಕಂಡುಕೊಂಡೆವು, ಕ್ರಿಸ್ತನನ್ನು ಇನ್ನೂ ಕಂಡುಕೊಳ್ಳಲಿಲ್ಲವೆಂದು ಅವರಿಗೆ ಮೆಲ್ಲಗೆ ಹೊಳೆಯಿತು.

ಇಂಥ ಸಮಯದಲ್ಲಿ ವಿಲಿಯಮ್ ಹ್ಯಾಸ್ಲಮ್ ಎಂಬ ಇಂಗ್ಲಿಷ್ ಪಾದ್ರಿಯ ಆತ್ಮಚರಿತ್ರೆಯು ಅವರ ಕೈಗೆ ಬಂತು. ಈ ಪಾದ್ರಿಯು ಕಾರ್ನ್ವಾಲ್ ಸೀಮೆಯಲ್ಲಿ ಅನೇಕ ವರ್ಷ ಸಭೆಯ ಸೇವೆಮಾಡಿದ ಮೇಲೆ, ೧೮೫೧ರಲ್ಲಿ ತನ್ನ ಸ್ವಂತ ದೇವಾಲಯದ ಪೀಠದ ಮೇಲೆ ನಿಂತು ಪ್ರಸಂಗ ಮಾಡುತ್ತಿರುವಾಗಲೇ ಮಾನಸಾಂತರ ಹೊಂದಿದವನು. ಬೋಧಿಸುವವನಿಗೇ ರಕ್ಷಣೆಯು ಬೇಕಾಯಿತೆಂಬ ಈ ಸಂಗತಿಯನ್ನು ಓದಿ ರಮಾಬಾಯಿಯವರು ತಮ್ಮನ್ನು ಆ ಕನ್ನಡಿಯಲ್ಲಿ ಕಂಡರು. ಸತ್ಯವೇದವನ್ನು ಮತ್ತೆ ಹಿಡಿದು ಓದಿದರು. ರಕ್ಷಣೆಯು ನಾಳೆ ಸಂಪಾದಿಸತಕ್ಕದ್ದಲ್ಲ, ಇಂದೇ ಉಚಿತವಾಗಿ ಕೊಡಲ್ಪಟ್ಟದ್ದು; ಅದು ಬ್ರಾಹ್ಮಣನಿಗೆ ಹೆಚ್ಚಾಗಿಯೂ ಶೂದ್ರನಿಗೆ ಕಡಿಮೆಯಾಗಿಯೂ ಇರುವದಲ್ಲ; ಗಂಡಸಿಗೆ ಮೊದಲಾಗಿಯೂ ಹೆಂಗಸಿಗೆ ಕಡೆಯಾಗಿಯೂ ಬರುವದಲ್ಲ; ಮುಂದಿನ ಜನ್ಮಗಳ ವರೆಗೆ ಕಾಯತಕ್ಕದ್ದಲ್ಲ. ಶಿಲುಬೆಯ ಮೇಲೆ ಕರ್ತನು ತೀರಿಸಿದ ಸಾಲವನ್ನು ಎರಡನೆಯ ಸಾರಿ ತೀರಿಸುವ ಅವಶ್ಯವಿಲ್ಲ. ದೀಕ್ಷಾಸ್ನಾನವಾಗಿ ಎಂಟು ವರ್ಷ ಕಳೆದ ಮೇಲೆ, ೧೮೯೧ರಲ್ಲಿ, ತಮ್ಮ ಸ್ವಂತ ಪ್ರಯತ್ನಗಳೆಲ್ಲ ಮುಗಿದವೆಂದು ಒಪ್ಪಿಕೊಂಡು, ಯಾವ ಶರತ್ತೂ ಇಲ್ಲದೆ ತಮ್ಮನ್ನು ರಕ್ಷಕನಿಗೆ ಒಪ್ಪಿಸಿದರು. ಕ್ಷಮೆಯನ್ನು ಕೈನೀಡಿ ತೆಗೆದುಕೊಂಡರು. ಬಹಳ ಕಾಲ ಕತ್ತಲೆಯ ಕೋಣೆಯಲ್ಲಿದ್ದವಳ ಮೇಲೆ ಬೆಳಕು ಬಿದ್ದಂತಾಯಿತೆಂದು ಅವರು ತಮ್ಮ ಸಾಕ್ಷಿಯಲ್ಲಿ ಬರೆದಿಟ್ಟಿದ್ದಾರೆ.

ಕ್ಷಮೆಯನ್ನು ಸ್ವೀಕರಿಸುವದು ಸುಲಭವೆಂದು ಕೆಲವರು ಎಣಿಸುತ್ತಾರೆ. ವಾಸ್ತವವಾಗಿ ಅದು ಸ್ವಾಭಿಮಾನಿಗಳಿಗೆ ಬಹು ಕಷ್ಟವಾದದ್ದು. ಯಾಕಂದರೆ ಸಾಲವನ್ನು ತೀರಿಸುವವಳು ತಲೆಯೆತ್ತಿ ನಿಲ್ಲಬಹುದು. ಕ್ಷಮೆಯನ್ನು ಹೊಂದುವವಳು ಬರಿಗೈಯನ್ನು ತೋರಿಸಬೇಕು. ಬರಗಾಲದಲ್ಲಿಯೂ ಬೇಡಲು ನಾಚಿದ ಮನೆತನದಲ್ಲಿ ಹುಟ್ಟಿದ ರಮಾಬಾಯಿಯವರಿಗೆ ಬರಿಗೈ ತೋರಿಸುವದು ಎಷ್ಟು ಕಠಿಣವಾಗಿತ್ತೆಂಬದನ್ನು ನಾವು ಊಹಿಸಬಹುದು. ಇದರಿಂದ ಪಾಪವು ಹಗುರವಾಯಿತೆಂದು ತಿಳಿಯಬಾರದು. ಕ್ಷಮೆಯನ್ನು ಹೊಂದಿದ ಮೇಲೆ ಅವರು ಕೈಕಟ್ಟಿ ಕೂತವರಲ್ಲ. ಮೊದಲಿಗಿಂತ ಹತ್ತರಷ್ಟು ದುಡಿದರು. ಆದರೆ ಮೊದಲು ಸಮಾಧಾನವನ್ನು ಹೊಂದುವದಕ್ಕಾಗಿ ದುಡಿದರು. ಈಗ ಸಮಾಧಾನವನ್ನು ಹೊಂದಿದ್ದರಿಂದ ದುಡಿದರು. ಈ ಎರಡು ದುಡಿಮೆಗಳಿಗೆ ಇರುವ ಅಂತರವನ್ನು ಮನೆಗೆಲಸ ಬಲ್ಲ ತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ. ಬೈಗಳಿಗೆ ಅಂಜಿ ರೊಟ್ಟಿ ಬಡಿಯುವ ಕೈ ಬೇರೆ. ಹಸಿದ ಮಗುವಿಗಾಗಿ ಬಡಿಯುವ ಕೈ ಬೇರೆ.

ಈ ಸಮಾಧಾನವು ಬೇಗನೆ ಪರೀಕ್ಷೆಗೆ ಬಂತು. ಶಾರದಾ ಸದನದಲ್ಲಿ ಯಾರ ಧರ್ಮಕ್ಕೂ ಕೈಹಾಕುವದಿಲ್ಲವೆಂದು ಅವರು ಮಾತು ಕೊಟ್ಟಿದ್ದರು. ಹುಡುಗಿಯರು ತಮ್ಮ ತಮ್ಮ ಪೂಜೆಗಳನ್ನು ತಡೆಯಿಲ್ಲದೆ ನಡಿಸುತ್ತಿದ್ದರು. ಆದರೆ ತಾವು ಪ್ರಾರ್ಥನೆ ಮಾಡುವಾಗ ತಮ್ಮ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಬಂದು ಕೂಡ್ರುವವರನ್ನು ಹೊರಗೆ ಕಳುಹಿಸುತ್ತಲೂ ಇರಲಿಲ್ಲ. ಇದರಿಂದ ಪುಣೆಯಲ್ಲಿ ದೊಡ್ಡ ಗದ್ದಲವೆದ್ದಿತು. ೧೮೯೩ರಲ್ಲಿ ನ್ಯಾಯಮೂರ್ತಿ ರಾನಡೆ, ಡಾಕ್ಟರ್ ಭಾಂಡಾರ್ಕರ್ ಮೊದಲಾದ ಸಲಹೆಗಾರರು ರಾಜೀನಾಮೆ ಕೊಟ್ಟರು. ಅನೇಕ ಪಾಲಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅವರಿಗೂ ತಮ್ಮ ಮಕ್ಕಳ ಚಿಂತೆಯಿತ್ತೆಂಬದನ್ನು ನಾವು ಮರೆಯಬಾರದು. ರಮಾಬಾಯಿಯವರು ಬಾಗಿಲನ್ನು ಮುಚ್ಚಲೂ ಇಲ್ಲ, ಹೋದವರ ಮೇಲೆ ಹಗೆಯನ್ನು ಇಟ್ಟುಕೊಳ್ಳಲೂ ಇಲ್ಲ. ಜನರ ಮೆಚ್ಚಿಕೆಯಿಂದ ಬದುಕುವವರಿಗೆ ಇಂಥ ದಿನಗಳು ಮರಣದಂತಿರುವವು. ದೇವರ ಕ್ಷಮೆಯಿಂದ ಬದುಕುವವರಿಗೆ ಅವು ದುಃಖದ ದಿನಗಳು ಮಾತ್ರ.

೧೮೯೬ರಲ್ಲಿ ಮಧ್ಯಪ್ರಾಂತದಲ್ಲಿ ಭಯಂಕರವಾದ ಬರ ಬಿದ್ದಿತು. ಹಸಿವೆಂಬದು ಏನೆಂದು ಬಲ್ಲ ರಮಾಬಾಯಿಯವರು ಆ ಸುದ್ದಿಯನ್ನು ಕೇಳಿ ಸುಮ್ಮನಿರಲಾರದೆ ಅಲ್ಲಿಗೆ ಹೋದರು. ದಾರಿಗಳಲ್ಲಿ ಬಿದ್ದಿದ್ದ ಎಲುಬಿನ ಗೂಡುಗಳಂಥ ಮಕ್ಕಳಲ್ಲಿ ಎಲೆಗಳನ್ನು ತಿಂದ ತಮ್ಮ ಹದಿನಾರನೆಯ ವರ್ಷವನ್ನು ಕಂಡರು. ಸುಮಾರು ೩೦೦ ಮಂದಿ ಹೆಣ್ಣುಮಕ್ಕಳನ್ನು ಕರತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದ ಕಾರಣ, ಅಲ್ಲಿಂದ ಮೂವತ್ತಕ್ಕೆ ಮೇಲ್ಪಟ್ಟ ಮೈಲಿಗಳ ದೂರದಲ್ಲಿ ಕೇಡಗಾಂವ ಎಂಬಲ್ಲಿ ತಾವು ಮೊದಲೇ ಕೊಂಡಿದ್ದ ಹೊಲದಲ್ಲಿ ಅವರನ್ನು ಇರಿಸಿದರು. ಆ ಸ್ಥಳಕ್ಕೆ ಮುಕ್ತಿ ಎಂದು ಹೆಸರಾಯಿತು. ತಮ್ಮ ತಂದೆತಾಯಿಗಳು ಹುಡುಕುತ್ತ ಹುಡುಕುತ್ತ ದಾರಿಯಲ್ಲೇ ಸತ್ತ ಆ ಮುಕ್ತಿಯ ಹೆಸರನ್ನೇ ಮಗಳು ಅನಾಥರ ಮನೆಯ ಬಾಗಿಲಿಗೆ ಇಟ್ಟಳು. ೧೯೦೦ರ ಗುಜರಾಥದ ಬರದ ಬಳಿಕ ಅಲ್ಲಿಯ ಸಂಖ್ಯೆಯು ೨,೦೦೦ದ ಸಮೀಪಕ್ಕೆ ಏರಿತು. ಬಾವಿ ತೋಡುವದು, ತೋಟ ಮಾಡುವದು, ಮಗ್ಗ ನೇಯುವದು, ಗಾಣ ತಿರುಗಿಸುವದು, ಅಚ್ಚಿನ ಮೊಳೆ ಜೋಡಿಸುವದು, ಇವೆಲ್ಲವನ್ನೂ ಹೆಂಗಸರೇ ಕಲಿತರು. ಕುರುಡಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸಿದರು. ೧೯೦೫ರಲ್ಲಿ ಅಲ್ಲಿ ಒಂದು ದೊಡ್ಡ ಆತ್ಮಿಕ ಉಜ್ಜೀವನವು ಉಂಟಾಗಿ, ನೂರಾರು ಹುಡುಗಿಯರು ತಮ್ಮ ಪಾಪಗಳನ್ನು ಅರಿಕೆಮಾಡಿ ಕಣ್ಣೀರಿನಿಂದ ಹಾಡಿಗೆ ಬಂದರು.

ಮುಕ್ತಿಯಲ್ಲಿ ಕೃಪಾ ಸದನವೆಂಬ ಒಂದು ಮನೆಯನ್ನು ಅವರು ಪ್ರತ್ಯೇಕವಾಗಿ ಕಟ್ಟಿಸಿದರು. ಲೋಕವು ಕ್ಷಮಿಸದ ಹೆಂಗಸರಿಗೆ ಆ ಮನೆಯು. ಫುಲ್ಹಾಮಿನಲ್ಲಿ ಕಂಡದ್ದನ್ನು ಕೇಡಗಾಂವದಲ್ಲಿ ಕಟ್ಟಿದರು. ವಂಚನೆಗೆ ಒಳಗಾಗಿ ಮಾನ ಕಳಕೊಂಡವರು, ಮನೆಯವರು ಹೊರಗೆ ನೂಕಿದವರು, ರೋಗದಿಂದ ಕೊಳೆತವರು ಅಲ್ಲಿಗೆ ಬಂದರು. ಇಂಥವರಿಗೆ ಅನ್ನವಸ್ತ್ರಗಳನ್ನು ಕೊಡುವದು ಸುಲಭ. ತಮಗೂ ಕ್ಷಮೆಯುಂಟೆಂದು ಅವರು ನಂಬುವಂತೆ ಮಾಡುವದು ಕಠಿಣ. ಕ್ಷಮೆಯನ್ನು ತಾನೇ ತೆಗೆದುಕೊಳ್ಳದವಳ ಬಾಯಿಂದ ಆ ಮಾತು ಬಂದರೆ ಯಾರೂ ನಂಬಲಾರರು. ೧೮೯೧ರ ಅನುಭವವು ಇಲ್ಲದೆ ಕೃಪಾ ಸದನವು ಇರುತ್ತಿತ್ತೇ ಎಂದು ನಾವು ಕೇಳಿಕೊಳ್ಳಬೇಕು.

ಇಷ್ಟೆಲ್ಲದರ ನಡುವೆ ಅವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ಕಲಿತು ಸತ್ಯವೇದವನ್ನು ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಗೆ ತಿರುಗಿಸುವ ಕೆಲಸವನ್ನು ಅನೇಕ ವರ್ಷ ನಡಿಸಿದರು. ಮುಕ್ತಿಯ ಹುಡುಗಿಯರೇ ಅದನ್ನು ಅಚ್ಚುಮಾಡಿದರು. ನಮ್ಮ ಕನ್ನಡ ಸೀಮೆಯನ್ನೂ ಅವರು ಮರೆಯಲಿಲ್ಲ. ೧೯೧೨ರಲ್ಲಿ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲಬರ್ಗೆಯಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಮಗಳು ಮನೋರಮಾಬಾಯಿಯವರ ಸಹಾಯದಿಂದ ಹೆಣ್ಣುಮಕ್ಕಳಿಗಾಗಿ ಒಂದು ಕ್ರೈಸ್ತ ಹೈಸ್ಕೂಲನ್ನು ಸ್ಥಾಪಿಸಿದರು. ಕೊನೆಯ ವರೆಗೂ ಬಿಳೀ ಸೀರೆಯನ್ನು ಉಟ್ಟು, ಮಾಂಸವನ್ನು ಮುಟ್ಟದೆ, ಈ ನಾಡಿನ ಮಗಳಾಗಿಯೇ ಬಾಳಿದರು. ೧೯೧೯ರಲ್ಲಿ ಸರಕಾರವು ಕೈಸರ್-ಇ-ಹಿಂದ್ ಬಂಗಾರದ ಪದಕವನ್ನು ಕೊಟ್ಟಿತು.

೧೯೨೧ರಲ್ಲಿ ಒಬ್ಬಳೇ ಮಗಳಾದ ಮನೋರಮೆಯೂ ತೀರಿಹೋದಳು. ತನ್ನ ತರುವಾಯ ಕೆಲಸವನ್ನು ನಡಿಸುವಳೆಂದು ನಂಬಿದ್ದ ಮಗಳನ್ನು ಮಣ್ಣುಮಾಡಿ, ಕಿವಿ ಕೇಳದ ಆ ಮುದುಕಿ ತಾಯಿಯು ಮತ್ತೆ ಅಚ್ಚಿನ ಹಾಳೆಗಳನ್ನು ತಿದ್ದಲು ಕೂತಳು. ದೇವರು ತನ್ನ ಹಳೆಯ ಪಾಪಕ್ಕಾಗಿ ಈ ಶಿಕ್ಷೆಯನ್ನು ಕೊಟ್ಟನೆಂದು ಎಣಿಸಿ ಎದೆಗೆಡುವದಕ್ಕೆ ಇದಕ್ಕಿಂತ ದೊಡ್ಡ ಕಾರಣವು ಬೇಕೇ? ಆದರೆ ಹೊಡೆದುಹಾಕಿದ ಲೆಕ್ಕವನ್ನು ದೇವರು ಮತ್ತೆ ತೆರೆಯುವದಿಲ್ಲವೆಂಬದನ್ನು ಅವರು ಮೂವತ್ತು ವರ್ಷಗಳ ಹಿಂದೆಯೇ ಕಲಿತಿದ್ದರು. ೧೯೨೨ನೇ ಏಪ್ರಿಲ್ ೫ನೇ ತಾರೀಖು ಬುಧವಾರ ಅವರು ನಿದ್ರೆಹೋದರು. ಅದು ಲೆಂಟ್ ಕಾಲವಾಗಿತ್ತು. ಗರಿಗಳ ಆದಿತ್ಯವಾರಕ್ಕೆ ಇನ್ನು ನಾಲ್ಕು ದಿನ, ಪುನರುತ್ಥಾನದ ಹಬ್ಬಕ್ಕೆ ಹನ್ನೊಂದು ದಿನ ಉಳಿದಿದ್ದವು. ಅವರ ಸಂಪೂರ್ಣ ಸತ್ಯವೇದವು ೧೯೨೪ರಲ್ಲಿ ಹೊರಬಂತು. ೧೯೮೯ರಲ್ಲಿ ಭಾರತ ಸರಕಾರವು ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. ಮುಕ್ತಿಯ ಮನೆಯು ಇಂದಿಗೂ ಅನಾಥರಿಗೆ ತೆರೆದಿದೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನೀವು ಈ ಶಾಲೆಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆಯಲ್ಲಿ ಪಾಪಕ್ಷಮೆಯ ಮಾತನ್ನು ಎಷ್ಟು ಸಾರಿ ಕೇಳಿದಿರೋ ಲೆಕ್ಕವಿಲ್ಲ. ಈಗ ನೀವು ತಾಯಂದಿರು, ಅತ್ತೆಯಂದಿರು, ಉಪಾಧ್ಯಾಯಿನಿಯರು, ಕಚೇರಿಗಳಲ್ಲಿಯೂ ಕಾರಖಾನೆಗಳಲ್ಲಿಯೂ ದುಡಿಯುವವರು ಆಗಿದ್ದೀರಿ. ನಿಮ್ಮಲ್ಲಿ ಕೆಲವರು ಹಿಂದಿನ ಒಂದು ಮಾತು, ಒಂದು ಸುಳ್ಳು, ಮುದುಕರಾದ ಹಿರಿಯರಿಗೆ ಮಾಡದೆ ಹೋದ ಒಂದು ಸೇವೆ, ಇಂಥದೊಂದನ್ನು ಎದೆಯಲ್ಲಿಟ್ಟುಕೊಂಡು, ಪ್ರತಿ ಲೆಂಟಿನಲ್ಲಿಯೂ ಅದನ್ನೇ ಅರಿಕೆಮಾಡಿ, ಪ್ರತಿ ಪುನರುತ್ಥಾನದ ಹಬ್ಬದಲ್ಲಿಯೂ ಅದನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತಿರಬಹುದು. ಸರಿಪಡಿಸಬಹುದಾದದ್ದನ್ನು ಸರಿಪಡಿಸಿರಿ; ಕೇಳಬೇಕಾದವರ ಕ್ಷಮೆಯನ್ನು ಕೇಳಿರಿ. ಅದಾದ ಮೇಲೆ ದೇವರು ಕೊಟ್ಟದ್ದನ್ನು ನಂಬಿ ತೆಗೆದುಕೊಳ್ಳಿರಿ. ಅರಿಕೆಮಾಡಿದ ಪಾಪವನ್ನು ತಿರುಗಿ ತಿರುಗಿ ಎತ್ತುವದು ದೀನತೆಯಂತೆ ಕಂಡರೂ, ದೇವರ ಮಾತಿನ ಮೇಲೆ ನಮಗಿರುವ ಅಪನಂಬಿಕೆಯೇ ಅದರ ಬೇರು.

ಪಾಲಕರಿಗೂ ನಮ್ಮದೊಂದು ಅರಿಕೆಯುಂಟು. ಮಗಳು ಪರೀಕ್ಷೆಯಲ್ಲಿ ತಪ್ಪಿದರೂ ನಡತೆಯಲ್ಲಿ ಜಾರಿದರೂ ಒಂದು ಸಾರಿ ಕ್ಷಮಿಸಿದ ಮೇಲೆ ಅದನ್ನು ಮತ್ತೆ ನೆಂಟರ ಮುಂದೆ ಎತ್ತಬೇಡಿರಿ. ಮನೆಯಲ್ಲಿ ಮುಗಿದ ಲೆಕ್ಕವನ್ನು ಪದೇ ಪದೇ ತೆರೆಯುವದನ್ನು ಕಂಡ ಮಗುವು ದೇವರೂ ಹೀಗೆಯೇ ಇರುವನೆಂದು ಕಲಿಯುವದು. ಫುಲ್ಹಾಮಿನ ಸಿಸ್ಟರುಗಳ ನಡತೆಯನ್ನು ಕಂಡ ಮೇಲೆಯೇ ರಮಾಬಾಯಿಯವರು ಕರ್ತನ ಕುರಿತು ಕೇಳಿದರು. ನಮ್ಮ ಮಕ್ಕಳು ಸುವಾರ್ತೆಯನ್ನು ಪುಸ್ತಕದಲ್ಲಿ ಓದುವದಕ್ಕೆ ಮೊದಲು ನಮ್ಮ ಮುಖದಲ್ಲಿ ಓದುವರು.

ನಮ್ಮ ಊರ ಹೊಳೆಯು ಗಂಗಾಮೂಲದಿಂದ ಹೊರಟ ಮೇಲೆ ದಂಡೆಯ ಯಾವ ಹಳ್ಳಿಯ ಜಾತಿಯನ್ನೂ ಕೇಳುವದಿಲ್ಲ, ಬೆಲೆಯನ್ನೂ ಕೇಳುವದಿಲ್ಲ. ಆದರೆ ಕೊಡವನ್ನು ಬಗ್ಗಿಸಿ ತುಂಬಿಕೊಳ್ಳದವಳ ಮನೆಯಲ್ಲಿ ನೀರಿಲ್ಲ. ದೇವರ ಕೃಪೆಯೂ ಹಾಗೆಯೇ. ಈ ಲೆಂಟಿನ ದಿನಗಳಲ್ಲಿ ನಮ್ಮಲ್ಲಿ ಪ್ರತಿಯೊಬ್ಬಳೂ ತನ್ನ ಕೊಡವನ್ನು ಬಗ್ಗಿಸಲೆಂದೂ, ತುಂಬಿದ ಕೊಡದಿಂದ ನೆರೆಹೊರೆಯವಳಿಗೂ ಎರೆಯಲೆಂದೂ ನಮ್ಮ ಪ್ರಾರ್ಥನೆ.